ರಬ್ಬರ್ ಹಾಲಿನಿಂದ ಆಸ್ಪತ್ರೆಯ ಕೈಗವಸಿನವರೆಗೆ: ಜೀವಕೋಶ ವಿಷ ಪರೀಕ್ಷೆ ಎಂದರೇನು?

ಪುತ್ತೂರಿನಿಂದ ಬೆಳ್ಳಾರೆ, ಐವರ್ನಾಡು ಕಡೆಗೆ ಹೋಗುವವರಿಗೂ ಉಪ್ಪಿನಂಗಡಿಯಿಂದ ಕಡಬ ದಾಟಿ ಸುಬ್ರಹ್ಮಣ್ಯದ ಕಡೆಗೆ ಹೋಗುವವರಿಗೂ ರಬ್ಬರ್ ತೋಟಗಳು ಹೊಸದಲ್ಲ. ನಮ್ಮ ತರಗತಿಯಲ್ಲೇ ಬೆಳಗ್ಗೆ ಟ್ಯಾಪಿಂಗ್‌ಗೆ ಸಹಾಯ ಮಾಡಿ ಕಾಲೇಜಿಗೆ ಬರುವವರಿದ್ದಾರೆ. ಸುಳ್ಯ, ಪುತ್ತೂರು ಭಾಗದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ದೊಡ್ಡ ರಬ್ಬರ್ ತೋಟಗಳಿವೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಈ ತೋಟಗಳಲ್ಲಿ ಕೆಲಸ ಮತ್ತು ನೆಲೆ ದೊರೆಯಿತು. ಇವತ್ತಿಗೂ ಅವರ ಮಕ್ಕಳು, ಮೊಮ್ಮಕ್ಕಳು ನಮ್ಮ ತಾಲೂಕುಗಳ ಶಾಲೆ ಕಾಲೇಜುಗಳಲ್ಲಿ ಓದುತ್ತಿದ್ದಾರೆ.

ರಬ್ಬರ್ ಎಂದರೆ ನಮಗೆ ಮೊದಲು ನೆನಪಾಗುವುದು ಶೀಟ್, ಅದರ ಇವತ್ತಿನ ರೇಟು, ಟಯರ್. ಆದರೆ ಮರದ ಹಾಲಿನ ಒಂದು ಪಾಲು ಆಸ್ಪತ್ರೆಗೂ ಹೋಗುತ್ತದೆ. ಶಸ್ತ್ರಚಿಕಿತ್ಸೆಯ ಕೈಗವಸು, ಮೂತ್ರ ಹೋಗಲು ಹಾಕುವ ನಳಿಗೆ (ಕ್ಯಾಥೆಟರ್), ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ ಪಟ್ಟಿ ಇವೆಲ್ಲ ಲ್ಯಾಟೆಕ್ಸ್‌ನಿಂದ ತಯಾರಾಗುತ್ತವೆ. ಟಯರ್ ರಸ್ತೆಯನ್ನು ಮುಟ್ಟುತ್ತದೆ, ಇವು ಮನುಷ್ಯನ ದೇಹವನ್ನು ಮುಟ್ಟುತ್ತವೆ. ಆದ್ದರಿಂದ ಇವು ದೇಹಕ್ಕೆ ಹಾನಿ ಮಾಡುತ್ತವೆಯೇ ಎಂದು ಮೊದಲೇ ನೋಡಬೇಕಾಗುತ್ತದೆ. ಹಾಗೆ ನೋಡುವ ಪರೀಕ್ಷೆಗಳಲ್ಲಿ ಮೊದಲನೆಯದು ಜೀವಕೋಶ ವಿಷ ಪರೀಕ್ಷೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ವಿಜ್ಞಾನದ ಲ್ಯಾಬ್ ವಿಷಯ ನೀನೇಕೆ ಬರೆಯುತ್ತೀ ಎಂದು ಗೆಳತಿಯರು ಕೇಳಿದರು. ಓದುತ್ತಾ ಹೋದಾಗ ಇದು ನಮ್ಮ ಅಕೌಂಟೆನ್ಸಿ ಮತ್ತು ಬಿಸಿನೆಸ್ ಸ್ಟಡೀಸ್ ಪಾಠಗಳಿಗೂ ಹತ್ತಿರದ ವಿಷಯ ಎಂದು ತಿಳಿಯಿತು. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಹಾಲಿಗೆ ಏನೇನು ಸೇರುತ್ತದೆ?

ಮರದಿಂದ ಇಳಿಯುವ ಹಾಲಿನಲ್ಲಿ ಸುಮಾರು 30ರಿಂದ 40 ಶೇಕಡಾ ರಬ್ಬರ್ ಇರುತ್ತದೆ, ಉಳಿದದ್ದು ಹೆಚ್ಚಾಗಿ ನೀರು. ಜೊತೆಗೆ ಸ್ವಲ್ಪ ಪ್ರೋಟೀನ್, ಸಕ್ಕರೆ ಮುಂತಾದವು ಇರುತ್ತವೆ. ಶೀಟ್ ಮಾಡುವವರು ಇದಕ್ಕೆ ಆಸಿಡ್ ಹಾಕಿ ಗಟ್ಟಿ ಮಾಡುತ್ತಾರೆ. ಕೈಗವಸು ಮಾಡುವವರಿಗೆ ಮಾತ್ರ ಹಾಲು ಹಾಲಾಗಿಯೇ ಬೇಕು. ಆದ್ದರಿಂದ ಅದು ಕೆಡದ ಹಾಗೆ ಅಮೋನಿಯಾ ಸೇರಿಸುತ್ತಾರೆ. ನಂತರ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ನೀರನ್ನು ಕಡಿಮೆ ಮಾಡಿ ರಬ್ಬರ್ ಅಂಶವನ್ನು 60 ಶೇಕಡಾಕ್ಕೆ ತರುತ್ತಾರೆ. ಅಮೋನಿಯಾ ಕಡಿಮೆ ಹಾಕುವ ವಿಧಾನದಲ್ಲಿ ಥೈಯುರಾಮ್ ಎಂಬ ಗುಂಪಿನ ರಾಸಾಯನಿಕ ಮತ್ತು ಸತುವಿನ ಆಕ್ಸೈಡ್ ಸೇರಿಸುವುದೂ ಇದೆ.

ಇಷ್ಟಕ್ಕೇ ಕೈಗವಸು ಆಗುವುದಿಲ್ಲ. ಬರೀ ರಬ್ಬರ್ ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅವರು ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಗಟ್ಟಿಯಾಗಿ, ಎಳೆದರೆ ಮತ್ತೆ ಹಿಂದಕ್ಕೆ ಬರುವ ಗುಣ ಉಳಿಸಿಕೊಳ್ಳುತ್ತದೆ ಎಂದು ಕಂಡುಕೊಂಡರು. ಇದನ್ನು ವಲ್ಕನೀಕರಣ ಎನ್ನುತ್ತಾರೆ. ಗಂಧಕ ಮಾತ್ರ ಹಾಕಿದರೆ ಈ ಕೆಲಸಕ್ಕೆ ಬಹಳ ಹೊತ್ತು ಬೇಕು. ಅದನ್ನು ಬೇಗ ಮಾಡಿಸಲು ವೇಗವರ್ಧಕಗಳನ್ನು ಸೇರಿಸುತ್ತಾರೆ. ಡೈಥಯೋಕಾರ್ಬಮೇಟ್, ಥೈಯುರಾಮ್, ಮರ್‌ಕ್ಯಾಪ್ಟೋಬೆಂಜೋಥಯಜೋಲ್ ಎಂಬ ಉದ್ದುದ್ದ ಹೆಸರಿನ ವಸ್ತುಗಳು ಇವು. ರಬ್ಬರ್ ಬೇಗ ಹಳತಾಗದಿರಲು ಇನ್ನೂ ಕೆಲವನ್ನು ಹಾಕುತ್ತಾರೆ.

ಕೈಯ ಆಕಾರದ ಪಿಂಗಾಣಿ ಅಚ್ಚನ್ನು ಈ ಮಿಶ್ರಣದಲ್ಲಿ ಅದ್ದಿ ತೆಗೆದರೆ ಅಚ್ಚಿನ ಮೇಲೆ ತೆಳುವಾದ ಪದರ ಕೂರುತ್ತದೆ. ಅದನ್ನು ಬಿಸಿ ನೀರಿನ ತೊಟ್ಟಿಯಲ್ಲಿ ತೊಳೆದು, ಒಲೆಯಂಥ ಕೋಣೆಯಲ್ಲಿ ಕಾಯಿಸಿ ತೆಗೆಯುತ್ತಾರೆ. ಗಂಧಕದ ಕೆಲಸ ಮುಗಿದ ಮೇಲೂ ಉಳಿದ ವೇಗವರ್ಧಕ ರಬ್ಬರಿನ ಒಳಗೇ ಇರುತ್ತದೆ. ಬಿಸಿ ನೀರಿನಲ್ಲಿ ಚೆನ್ನಾಗಿ ತೊಳೆದರೆ ಅದರ ಬಹುಪಾಲು ಹೋಗುತ್ತದೆ. ತೊಳೆಯುವುದನ್ನು ಬೇಗ ಮುಗಿಸಿದರೆ ಹೆಚ್ಚು ಉಳಿಯುತ್ತದೆ.

ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿಯೇ. ತೊಳೆಯುವುದಕ್ಕೆ ನೀರು ಬೇಕು, ನೀರು ಬಿಸಿ ಮಾಡಲು ಇಂಧನ ಬೇಕು, ಸಮಯ ಬೇಕು. ಇವೆಲ್ಲ ಉತ್ಪಾದನಾ ವೆಚ್ಚ. ತೊಳೆಯುವ ಸಮಯವನ್ನು ಕಡಿಮೆ ಮಾಡಿದರೆ ಅದೇ ಯಂತ್ರದಿಂದ ದಿನಕ್ಕೆ ಹೆಚ್ಚು ಕೈಗವಸು ತೆಗೆಯಬಹುದು. ಎರಡು ಕೈಗವಸುಗಳನ್ನು ಪಕ್ಕದಲ್ಲಿಟ್ಟರೆ ಯಾವುದನ್ನು ಚೆನ್ನಾಗಿ ತೊಳೆದಿದ್ದಾರೆ ಎಂದು ಕೊಳ್ಳುವವರಿಗೆ ಕಾಣುವುದಿಲ್ಲ. ಬಣ್ಣ ಒಂದೇ, ಅಳತೆ ಒಂದೇ, ಪ್ಯಾಕೆಟ್ ಒಂದೇ. ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ಹಿಡಿಯಲು ಪರೀಕ್ಷೆ ಬೇಕು.

ಹೆಲ್ಸಿಂಕಿಯ ಪಾಠ

ಪರೀಕ್ಷೆ ಇಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ಫಿನ್‌ಲ್ಯಾಂಡ್ ದೇಶದ ಒಂದು ಉದಾಹರಣೆ ಇದೆ. 1980ರ ದಶಕದ ಆರಂಭದಲ್ಲಿ ಹೆಲ್ಸಿಂಕಿ ನಗರದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಆದ ರೋಗಿಗಳಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿತು. ಹೃದಯ ಗುಣವಾಯಿತು, ಆದರೆ ಮೂತ್ರನಾಳ ಕಿರಿದಾಗತೊಡಗಿತು. ಒಬ್ಬಿಬ್ಬರಿಗಲ್ಲ, ಹಲವರಿಗೆ. ಅಲ್ಲಿನ ವೈದ್ಯರು 1982ರಲ್ಲಿ 'ದಿ ಲಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಸಂಶಯ ಬಂದದ್ದು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಹಾಕಿದ್ದ ಲ್ಯಾಟೆಕ್ಸ್ ಕ್ಯಾಥೆಟರ್ ಮೇಲೆ. ಮುಂದೆ ಲ್ಯಾಟೆಕ್ಸ್ ಕ್ಯಾಥೆಟರ್‌ಗಳನ್ನು ದ್ರವದಲ್ಲಿ ನೆನೆಸಿ, ಆ ದ್ರವವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಗೆ ಹಾಕಿ ನೋಡಿದಾಗ ಜೀವಕೋಶಗಳು ಸಾಯುವುದು ಕಂಡುಬಂತು. ಆ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ವೇಳೆ ಆ ಭಾಗಕ್ಕೆ ರಕ್ತದ ಹರಿವು ಕಡಿಮೆಯಾಗುವುದರಿಂದ ವಿಷದ ಪರಿಣಾಮ ಹೆಚ್ಚಾಯಿತು ಎಂದೂ ವಿವರಿಸಲಾಯಿತು.

ಆ ಕ್ಯಾಥೆಟರ್‌ಗಳಲ್ಲಿ ತೂತು ಇರಲಿಲ್ಲ, ಅವು ಒಡೆದಿರಲಿಲ್ಲ, ಅಳತೆಯೂ ಸರಿಯಿತ್ತು. ಮೂತ್ರ ಹೊರಗೆ ಬಿಡುವ ತಮ್ಮ ಕೆಲಸವನ್ನು ಅವು ಸರಿಯಾಗಿಯೇ ಮಾಡುತ್ತಿದ್ದವು. ತೊಂದರೆ ಇದ್ದದ್ದು ಅವುಗಳಿಂದ ನಿಧಾನವಾಗಿ ಹೊರಗೆ ಬರುತ್ತಿದ್ದ ವಸ್ತುವಿನಲ್ಲಿ.

ಪರೀಕ್ಷೆ ಮಾಡುವ ವಿಧಾನ

ವೈದ್ಯಕೀಯ ಸಾಧನಗಳು ದೇಹಕ್ಕೆ ಹೊಂದುತ್ತವೆಯೇ ಎಂದು ನೋಡಲು ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಸರಣಿ ಇದೆ. ಅದರ 5ನೇ ಭಾಗ ಜೀವಕೋಶ ವಿಷ ಪರೀಕ್ಷೆಗೆ ಸಂಬಂಧಿಸಿದ್ದು. ಅದರ 2009ರ ಆವೃತ್ತಿಯಲ್ಲಿರುವ ವಿಧಾನವನ್ನು ಹಂತ ಹಂತವಾಗಿ ನೋಡೋಣ.

ಮೊದಲನೆಯದು, ಜೀವಕೋಶ. ಇದಕ್ಕೆ ಹೆಚ್ಚಾಗಿ ಬಳಸುವುದು ಎಲ್929 ಎಂಬ ಹೆಸರಿನ ಇಲಿಯ ಜೀವಕೋಶ. 1940ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ವಿಲ್ಟನ್ ಅರ್ಲ್, ಕ್ಯಾಥರೀನ್ ಸ್ಯಾನ್‌ಫೋರ್ಡ್ ಮತ್ತು ಸಂಗಡಿಗರು ಒಂದು ಇಲಿಯಿಂದ ಬೆಳೆಸಿದ ಕೋಶಗಳಲ್ಲಿ ಒಂದೇ ಒಂದನ್ನು ಬೇರೆ ಮಾಡಿ, ಅದರಿಂದ ಇಡೀ ಸಂತತಿ ಬೆಳೆಸಿದರು. 1948ರಲ್ಲಿ ಇದು ಪ್ರಕಟವಾಯಿತು. ಆ ಸಂತತಿ ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಬೆಳೆಯುತ್ತಿದೆ. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇಂಥ ಕೋಶಗಳನ್ನು ಕಾಪಾಡಿ ಲ್ಯಾಬ್‌ಗಳಿಗೆ ಕೊಡುತ್ತದೆ. ಎಲ್ಲರೂ ಒಂದೇ ಸಂತತಿಯ ಕೋಶ ಬಳಸುವುದರಿಂದ ಒಂದು ಊರಿನ ಲ್ಯಾಬ್‌ನ ಫಲಿತಾಂಶವನ್ನು ಇನ್ನೊಂದು ಊರಿನ ಲ್ಯಾಬ್‌ನದರ ಜೊತೆ ಹೋಲಿಸಬಹುದು. ಪ್ರತಿ ಸಲ ಹೊಸ ಪ್ರಾಣಿಯನ್ನು ಕೊಲ್ಲುವ ಅಗತ್ಯವೂ ಇಲ್ಲಿ ಇಲ್ಲ.

ಎರಡನೆಯದು, ಸಾರ ತೆಗೆಯುವುದು. ಕೈಗವಸಿನ ಅಥವಾ ಕ್ಯಾಥೆಟರಿನ ತುಂಡನ್ನು ಜೀವಕೋಶಗಳಿಗೆ ಆಹಾರವಾದ ಪೋಷಕ ದ್ರವದಲ್ಲಿ ಹಾಕಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಾಮಾನ್ಯವಾಗಿ 24 ಗಂಟೆ ಇಡುತ್ತಾರೆ. 37 ಡಿಗ್ರಿ ಎಂದರೆ ನಮ್ಮ ದೇಹದ ಶಾಖ. ಮನೆಯಲ್ಲಿ ಕಷಾಯಕ್ಕೆ ಬೇರು, ಕಾಳು ಹಾಕಿ ಸಾರ ಇಳಿಸುವ ಹಾಗೆ, ಆದರೆ ಕುದಿಸುವುದಿಲ್ಲ. ಕಷಾಯದಲ್ಲಿ ನೀರೆಷ್ಟು, ಮೆಣಸೆಷ್ಟು ಎಂಬ ಲೆಕ್ಕ ಇರುವಂತೆ ಇಲ್ಲಿಯೂ ಲೆಕ್ಕ ಇದೆ. ಅರ್ಧ ಮಿಲಿಮೀಟರಿಗಿಂತ ತೆಳುವಾದ ವಸ್ತುವಾದರೆ ಒಂದು ಮಿಲಿಲೀಟರ್ ದ್ರವಕ್ಕೆ 6 ಚದರ ಸೆಂಟಿಮೀಟರ್, ಅದಕ್ಕಿಂತ ದಪ್ಪವಾದರೆ 3 ಚದರ ಸೆಂಟಿಮೀಟರ್. ವಸ್ತುವಿನಿಂದ ಬಿಟ್ಟುಕೊಳ್ಳುವುದು ಏನಿದೆಯೋ ಅದು ದ್ರವಕ್ಕೆ ಬರುತ್ತದೆ.

ಮೂರನೆಯದು, ಕೋಶಗಳಿಗೆ ಹಾಕುವುದು. 96 ಸಣ್ಣ ಗುಂಡಿಗಳಿರುವ ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಒಂದೊಂದು ಗುಂಡಿಯಲ್ಲಿ ಸುಮಾರು 10,000 ಜೀವಕೋಶಗಳನ್ನು ಹಾಕಿ ಒಂದು ದಿನ ಬೆಳೆಯಲು ಬಿಡುತ್ತಾರೆ. ಅವು ಗುಂಡಿಯ ತಳಕ್ಕೆ ಅಂಟಿಕೊಂಡು ಚಪ್ಪಟೆಯಾಗಿ ಹರಡುತ್ತವೆ. ನಂತರ ಹಳೆಯ ದ್ರವ ತೆಗೆದು ಕೈಗವಸಿನ ಸಾರ ಹಾಕುತ್ತಾರೆ. ಪೂರ್ತಿ ಸಾರ ಕೆಲವು ಗುಂಡಿಗಳಿಗೆ, ಅರ್ಧ ತೆಳು ಮಾಡಿದ್ದು ಕೆಲವಕ್ಕೆ, ಕಾಲು ಭಾಗದ್ದು ಮತ್ತೆ ಕೆಲವಕ್ಕೆ. ಮತ್ತೊಂದು ದಿನ ಕಾಯುತ್ತಾರೆ.

ನಾಲ್ಕನೆಯದು, ನೋಡುವುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರೋಗ್ಯವಾಗಿರುವ ಕೋಶ ಎರಡು ಕಡೆ ಚೂಪಾಗಿ ಹರಡಿಕೊಂಡಿರುತ್ತದೆ. ತೊಂದರೆಗೆ ಒಳಗಾದ ಕೋಶ ದುಂಡಗಾಗಿ ತಳದಿಂದ ಬಿಟ್ಟುಕೊಳ್ಳುತ್ತದೆ. ಇದಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ನಮ್ಮ ಪರೀಕ್ಷೆಗಳ ಹಾಗೆ ಇಲ್ಲಿ ಹೆಚ್ಚು ಅಂಕ ಒಳ್ಳೆಯದಲ್ಲ. 0 ಎಂದರೆ ಏನೂ ತೊಂದರೆ ಇಲ್ಲ, 4 ಎಂದರೆ ಕೋಶದ ಪದರವೇ ಹೆಚ್ಚು ಕಡಿಮೆ ಪೂರ್ತಿ ನಾಶ. 2ಕ್ಕಿಂತ ಹೆಚ್ಚು ಬಂದರೆ ವಿಷ ಪರಿಣಾಮ ಇದೆ ಎಂದು ಅರ್ಥ.

ಐದನೆಯದು, ಅಳೆಯುವುದು. ಕಣ್ಣಿನಿಂದ ನೋಡಿ ಕೊಡುವ ಅಂಕ ಒಬ್ಬರಿಂದ ಒಬ್ಬರಿಗೆ ಬದಲಾಗಬಹುದು. ಅದಕ್ಕಾಗಿ ಎಂಟಿಟಿ ಎಂಬ ಹಳದಿ ಬಣ್ಣದ ವಸ್ತುವನ್ನು ಹಾಕುತ್ತಾರೆ. ಟಿಮ್ ಮಾಸ್‌ಮನ್ ಅವರು 1983ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಬದುಕಿರುವ ಕೋಶ ಈ ಹಳದಿಯನ್ನು ನೇರಳೆ ಬಣ್ಣಕ್ಕೆ ಬದಲಾಯಿಸುತ್ತದೆ. ಸತ್ತ ಕೋಶಕ್ಕೆ ಆ ಶಕ್ತಿ ಇಲ್ಲ. ನೇರಳೆ ಹೆಚ್ಚಾದಷ್ಟೂ ಬದುಕಿದ ಕೋಶಗಳು ಹೆಚ್ಚು. ಬಣ್ಣ ಎಷ್ಟು ಗಾಢವಾಗಿದೆ ಎಂದು ಯಂತ್ರ ಬೆಳಕು ಹಾಯಿಸಿ ಅಳೆದು ಸಂಖ್ಯೆ ಕೊಡುತ್ತದೆ.

ಲೆಕ್ಕ ಬಹಳ ಸುಲಭ. ನನ್ನದೇ ಊಹೆಯ ಸಂಖ್ಯೆಗಳಿಂದ ಒಂದು ಉದಾಹರಣೆ ಮಾಡಿದ್ದೇನೆ. ಕೋಶವೇ ಇಲ್ಲದ ಗುಂಡಿಯ ಓದು 0.05. ಕೋಶ ಇದ್ದು ಸಾರ ಹಾಕದ ಗುಂಡಿಯ ಓದು 0.85. ಸಾರ ಹಾಕಿದ ಗುಂಡಿಯ ಓದು 0.45. ಎರಡರಿಂದಲೂ 0.05 ಕಳೆಯಬೇಕು. ಆಗ 0.80 ಮತ್ತು 0.40 ಉಳಿಯುತ್ತದೆ. 0.40 ಅನ್ನು 0.80ರಿಂದ ಭಾಗಿಸಿ 100ರಿಂದ ಗುಣಿಸಿದರೆ 50. ಅಂದರೆ ಶೇಕಡಾ 50 ಕೋಶಗಳು ಮಾತ್ರ ಬದುಕಿವೆ. ಮಾನದಂಡದ ಪ್ರಕಾರ ಶೇಕಡಾ 70ಕ್ಕಿಂತ ಕಡಿಮೆ ಬಂದರೆ ಆ ವಸ್ತುವಿಗೆ ಜೀವಕೋಶವನ್ನು ಕೊಲ್ಲುವ ಸಾಮರ್ಥ್ಯ ಇದೆ ಎಂದು ಬರೆಯಬೇಕು.

ಪರೀಕ್ಷೆಯನ್ನೇ ಪರೀಕ್ಷಿಸುವುದು

ನನಗೆ ಬಹಳ ಇಷ್ಟವಾದ ಭಾಗ ಇದು. ಕೋಶಗಳು ಸತ್ತರೆ ಅದು ಕೈಗವಸಿನಿಂದಲೇ ಎಂದು ಹೇಗೆ ಹೇಳುವುದು? ತಟ್ಟೆ ಕೊಳೆಯಾಗಿತ್ತೇನೋ, ಇನ್‌ಕ್ಯುಬೇಟರ್ ಕೆಟ್ಟಿತ್ತೇನೋ. ಕೋಶಗಳು ಬದುಕಿದರೂ ಪ್ರಶ್ನೆ ಇದೆ: ಆ ದಿನ ನಿಜವಾದ ವಿಷ ಹಾಕಿದ್ದರೂ ಅವು ಸಾಯುತ್ತಿದ್ದವೇ?

ಇದಕ್ಕಾಗಿ ಅದೇ ದಿನ, ಅದೇ ರೀತಿಯಲ್ಲಿ, ಉತ್ತರ ಗೊತ್ತಿರುವ ಎರಡು ವಸ್ತುಗಳನ್ನೂ ಪರೀಕ್ಷಿಸುತ್ತಾರೆ. ಒಂದು ಖಂಡಿತ ವಿಷವಲ್ಲದ್ದು, ಸಾಮಾನ್ಯವಾಗಿ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಪ್ಲಾಸ್ಟಿಕ್. ಇದರಲ್ಲಿ ಕೋಶಗಳು ಬದುಕಬೇಕು. ಇನ್ನೊಂದು ಖಂಡಿತ ವಿಷವಾದದ್ದು. ಇದಕ್ಕೆ ಬಳಸುವ ವಸ್ತುಗಳಲ್ಲಿ ಒಂದು, ಸತುವಿನ ಡೈಥಯೋಕಾರ್ಬಮೇಟ್ ಸೇರಿಸಿದ ಪಾಲಿಯುರೆಥೇನ್ ಹಾಳೆ. ಹೆಸರು ಮತ್ತೊಮ್ಮೆ ಓದಿ. ರಬ್ಬರ್ ಹಾಲಿಗೆ ಸೇರಿಸುವ ವೇಗವರ್ಧಕಗಳ ಪಟ್ಟಿಯಲ್ಲಿ ಮೇಲೆ ಬಂದ ಗುಂಪೇ ಇದು! ಕೈಗವಸನ್ನು ಏಕೆ ತೊಳೆಯಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇವೆರಡೂ ನಿರೀಕ್ಷೆಯಂತೆ ಬಂದರೆ ಮಾತ್ರ ಆ ದಿನದ ಫಲಿತಾಂಶಕ್ಕೆ ಬೆಲೆ. ಇನ್ನೊಂದು ನಿಯಮವೂ ಇದೆ. ಸಾರ ಹಾಕದ ಗುಂಡಿಗಳನ್ನು ತಟ್ಟೆಯ ಎಡ ಬದಿಯಲ್ಲೊಂದು ಸಾಲು, ಬಲ ಬದಿಯಲ್ಲೊಂದು ಸಾಲು ಇಡುತ್ತಾರೆ. ಎರಡು ಸಾಲುಗಳ ಸರಾಸರಿ ತುಂಬಾ ಬೇರೆ ಬೇರೆ ಬಂದರೆ ಕೋಶಗಳನ್ನು ಸಮನಾಗಿ ಹಾಕಿಲ್ಲ ಎಂದು ತಿಳಿದು ಪರೀಕ್ಷೆಯನ್ನು ಮತ್ತೆ ಮಾಡಬೇಕು. ಡೆಬಿಟ್ ಬದಿ, ಕ್ರೆಡಿಟ್ ಬದಿ ಕೂಡಿ ನೋಡುವ ನಮಗೆ ಇದು ಅರ್ಥವಾಗದಿರುತ್ತದೆಯೇ?

ಟ್ರಯಲ್ ಬ್ಯಾಲೆನ್ಸ್ ಮತ್ತು ಜೀವಕೋಶ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೆ ಲೆಕ್ಕಪುಸ್ತಕ ಪೂರ್ತಿ ಸರಿ ಎಂದು ಅರ್ಥವಲ್ಲ ಎಂದು ನಮಗೆ ಪಾಠದಲ್ಲಿ ಹೇಳಿಕೊಟ್ಟಿದ್ದಾರೆ. ಒಂದು ವ್ಯವಹಾರವನ್ನು ಬರೆಯದೇ ಬಿಟ್ಟರೆ ಎರಡೂ ಬದಿ ತಾಳೆಯಾಗುತ್ತದೆ. ಯಂತ್ರ ಕೊಂಡದ್ದನ್ನು ರಿಪೇರಿ ಖರ್ಚಿಗೆ ಬರೆದರೂ ತಾಳೆಯಾಗುತ್ತದೆ. ತಾಳೆಯಾಗದಿದ್ದರೆ ಮಾತ್ರ ಎಲ್ಲೋ ತಪ್ಪಿದೆ, ಹುಡುಕು ಎಂದು ಅರ್ಥ.

ಜೀವಕೋಶ ಪರೀಕ್ಷೆಯೂ ಹಾಗೆಯೇ. ಇದು ಬೇಗ ಆಗುವ, ಕಡಿಮೆ ಖರ್ಚಿನ ಮೊದಲ ತಪಾಸಣೆ. ಇದರಲ್ಲಿ ಪಾಸಾದ ಕೂಡಲೇ ಸಾಧನ ಸುರಕ್ಷಿತ ಎಂದು ಹೇಳಲು ಬರುವುದಿಲ್ಲ. ಲ್ಯಾಟೆಕ್ಸ್‌ನಲ್ಲಿರುವ ಪ್ರೋಟೀನಿನಿಂದ ಕೆಲವರಿಗೆ ಅಲರ್ಜಿ ಆಗುತ್ತದೆ, ಕೆಲವೊಮ್ಮೆ ಜೀವಕ್ಕೇ ಅಪಾಯವಾಗುವಷ್ಟು. ಅಲರ್ಜಿ ಇಡೀ ದೇಹದ ರೋಗನಿರೋಧಕ ವ್ಯವಸ್ಥೆಯ ಕೆಲಸ. ತಟ್ಟೆಯಲ್ಲಿರುವ ಇಲಿಯ ಕೋಶಕ್ಕೆ ಅದು ಗೊತ್ತಾಗುವುದಿಲ್ಲ. ಕೈಗವಸಿನ ಒಳಗೆ ಹಾಕುತ್ತಿದ್ದ ಪುಡಿ ಈ ಪ್ರೋಟೀನನ್ನು ಗಾಳಿಯಲ್ಲಿ ಹರಡುತ್ತದೆ ಎಂಬುದು ಸೇರಿ ಹಲವು ಕಾರಣಗಳಿಗೆ ಅಮೆರಿಕ 2017ರ ಜನವರಿಯಿಂದ ಪುಡಿ ಹಾಕಿದ ವೈದ್ಯಕೀಯ ಕೈಗವಸುಗಳನ್ನೇ ನಿಷೇಧಿಸಿತು. ಆದ್ದರಿಂದ ಚರ್ಮಕ್ಕೆ ಉರಿ, ಅಲರ್ಜಿ ಇವುಗಳಿಗೆ ಬೇರೆ ಪರೀಕ್ಷೆಗಳಿವೆ, ರಕ್ತಕ್ಕೆ ತಾಗುವ ಸಾಧನಗಳಿಗೆ ಮತ್ತೂ ಬೇರೆ. ಹಾಗೆಂದು ಲ್ಯಾಟೆಕ್ಸ್ ಬಿಟ್ಟು ನೈಟ್ರೈಲ್ ಕೈಗವಸು ಹಾಕಿದರೆ ಎಲ್ಲವೂ ಮುಗಿಯಿತು ಎನ್ನುವಂತಿಲ್ಲ. ಅದರಲ್ಲಿ ಮರದ ಪ್ರೋಟೀನ್ ಇಲ್ಲ, ಆದರೆ ವೇಗವರ್ಧಕಗಳು ಇರಬಹುದು.

ಫೇಲಾದರೂ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಲ್ಯಾಟೆಕ್ಸ್ ಕೈಗವಸಿನ ಪೂರ್ತಿ ಸಾರ ಹಾಕಿದಾಗ ಕೋಶಗಳು ಸಾಯುವುದು ಅಪರೂಪವಲ್ಲ. ಆದರೂ ಆ ಕೈಗವಸು ಬಳಕೆಯಲ್ಲಿದೆ. ಏಕೆಂದರೆ ತಟ್ಟೆಯಲ್ಲಿರುವ ಕೋಶಕ್ಕೆ ಚರ್ಮದ ರಕ್ಷಣೆ ಇಲ್ಲ, ವಿಷವನ್ನು ಹೊತ್ತೊಯ್ಯಲು ರಕ್ತ ಇಲ್ಲ, ಸೋಸಲು ಮೂತ್ರಪಿಂಡ ಇಲ್ಲ. ಅದು ಬಹಳ ಸೂಕ್ಷ್ಮ. ಅರ್ಧ ತೆಳು ಮಾಡಿದಾಗ ಏನಾಯಿತು, ಕಾಲು ಭಾಗಕ್ಕೆ ಇಳಿಸಿದಾಗ ಏನಾಯಿತು, ಸಾಧನ ದೇಹದ ಯಾವ ಭಾಗಕ್ಕೆ ಎಷ್ಟು ಹೊತ್ತು ತಾಗುತ್ತದೆ ಎಂದೆಲ್ಲ ನೋಡಿ ತಜ್ಞರು ತೀರ್ಮಾನಿಸುತ್ತಾರೆ. ಗಟ್ಟಿಯಾದ ಚರ್ಮದ ಮೇಲೆ ಅರ್ಧ ಗಂಟೆ ಇರುವ ಕೈಗವಸು, ಮೃದುವಾದ ಮೂತ್ರನಾಳದ ಒಳಗೆ ವಾರಗಟ್ಟಲೆ ಇರುವ ಕ್ಯಾಥೆಟರ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನಮ್ಮ ಮನೆಯಲ್ಲಿ ಬಂದ ಪ್ರಶ್ನೆ

ಕಳೆದ ವರ್ಷ ನನ್ನ ನಾನಾ (ತಾಯಿಯ ತಂದೆ) ಕ್ಯಾಥೆಟರ್ ಹಾಕಿಸಿಕೊಂಡು ಕೆಲವು ವಾರ ಮನೆಯಲ್ಲಿದ್ದರು. ಮೆಡಿಕಲ್ ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದು ಲ್ಯಾಟೆಕ್ಸ್‌ನದ್ದು, ಇನ್ನೊಂದು ಪೂರ್ತಿ ಸಿಲಿಕೋನಿನದ್ದು. ಎರಡನೆಯದರ ಬೆಲೆ ಹಲವು ಪಟ್ಟು ಹೆಚ್ಚು. ಹೆಚ್ಚು ದಿನ ಇಡಬೇಕಾದ್ದರಿಂದ ಸಿಲಿಕೋನ್ ಒಳ್ಳೆಯದು ಎಂದು ಡಾಕ್ಟರ್ ಹೇಳಿದರು, ಅದನ್ನೇ ತಂದೆವು. ಆ ಹೆಚ್ಚುವರಿ ಹಣ ಯಾವುದಕ್ಕೆ ಎಂದು ತಿಳಿಯುವ ಆಸೆಯಿಂದಲೇ ನಾನು ಈ ವಿಷಯ ಓದಲು ಆರಂಭಿಸಿದೆ. ಸಿಲಿಕೋನಿಗೆ ಗಂಧಕವೂ ಬೇಡ, ಈ ವೇಗವರ್ಧಕಗಳೂ ಬೇಡ. ಕೋಶ ಪರೀಕ್ಷೆಯಲ್ಲಿ ಅದು ಸಾಮಾನ್ಯವಾಗಿ ಲ್ಯಾಟೆಕ್ಸ್‌ಗಿಂತ ಬಹಳ ಸೌಮ್ಯವಾಗಿ ನಡೆದುಕೊಳ್ಳುತ್ತದೆ.

ನಾನು ಓದಿದ್ದನ್ನು ಮನೆಯಲ್ಲಿ ಉರ್ದುವಿನಲ್ಲಿ ಹೇಳುತ್ತಿದ್ದಾಗ ನಾನಿ ಗಾಬರಿಯಾಗಿ, "ಇಸ್ ಮೇ ಜಹರ್ ಹೈ ಕ್ಯಾ?" ಎಂದು ಕೇಳಿದರು. ಇದರಲ್ಲಿ ವಿಷ ಇದೆಯಾ ಎಂದು. ಇದೆ ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಕೊನೆಗೆ ಅಡಿಕೆ ತೋಟದ ಉದಾಹರಣೆ ಕೊಟ್ಟೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿರುವ ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ. ಅದೇ ತಾಮ್ರ ಅತಿ ಸ್ವಲ್ಪ ಪ್ರಮಾಣದಲ್ಲಿ ನಮ್ಮ ದೇಹಕ್ಕೆ ಬೇಕೇ ಬೇಕು. ಹಾಗಾಗಿ ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂದು ಕೇಳಬೇಕು ಎಂದೆ. ನಾನಿ ಸಮಾಧಾನವಾದರು. "ಹಾಗಾದರೆ ಅಳೆದವರು ಯಾರು?" ಎಂದು ಮತ್ತೆ ಕೇಳಿದರು. ಅದು ನನ್ನ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆ.

ಅಳೆಯುವವರು ಯಾರು?

ನಮ್ಮ ದೇಶದಲ್ಲಿ ಇದಕ್ಕೆ ವೈದ್ಯಕೀಯ ಸಾಧನಗಳ ನಿಯಮಗಳು, 2017 ಇವೆ. 2018ರ ಜನವರಿ 1ರಿಂದ ಇವು ಜಾರಿಯಲ್ಲಿವೆ. ಅಪಾಯದ ಮಟ್ಟ ನೋಡಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದ್ದಾರೆ. ಎ ಎಂದರೆ ಅತಿ ಕಡಿಮೆ ಅಪಾಯ, ಡಿ ಎಂದರೆ ಅತಿ ಹೆಚ್ಚು. ಹೃದಯದ ಕೃತಕ ಕವಾಟ ಡಿ ವರ್ಗಕ್ಕೆ ಸೇರುತ್ತದೆ. ಮೊದಲು ಕೆಲವೇ ಸಾಧನಗಳು ಕಾನೂನಿನ ಕೆಳಗೆ ಬರುತ್ತಿದ್ದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಕಾನೂನಿನ ವ್ಯಾಪ್ತಿಗೆ ತರಲಾಯಿತು.

ಪರೀಕ್ಷೆ ಮಾಡುವ ಸಂಸ್ಥೆಗಳಲ್ಲಿ ನಮಗೆ ಹತ್ತಿರದ ಹೆಸರಾಂತ ಸಂಸ್ಥೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಅಲ್ಲಿ ಆಸ್ಪತ್ರೆಯ ಜೊತೆಗೆ ವೈದ್ಯಕೀಯ ಸಾಧನಗಳನ್ನು ರೂಪಿಸುವ ಬೇರೆ ವಿಭಾಗವೇ ಇದೆ. ಭಾರತದಲ್ಲೇ ತಯಾರಾದ ಚಿತ್ರಾ ಹೃದಯ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದ್ದು ಅಲ್ಲಿಯೇ. ಅದಕ್ಕೆ ಮೊದಲು ಅದರ ವಸ್ತುಗಳು ವರ್ಷಗಟ್ಟಲೆ ಪರೀಕ್ಷೆ ಎದುರಿಸಿದ್ದವು. ನಮಗೆ ಇನ್ನೂ ಹತ್ತಿರ, ಮಂಗಳೂರು ಬಳಿಯ ದೇರಳಕಟ್ಟೆಯಲ್ಲಿರುವ ಯೆನೆಪೋಯ ಮತ್ತು ನಿಟ್ಟೆ ವಿಶ್ವವಿದ್ಯಾಲಯಗಳಲ್ಲಿ ಜೀವಕೋಶ ಬೆಳೆಸಿ ಸಂಶೋಧನೆ ಮಾಡುವ ಪ್ರಯೋಗಾಲಯಗಳಿವೆ. ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯರಿಗೆ ಇದು ತಿಳಿದಿರಲಿ.

ಆದರೂ ಲ್ಯಾಬ್‌ಗೆ ಕಳುಹಿಸಿದ ಮಾದರಿಗೂ ಅಂಗಡಿಗೆ ಬಂದ ಮಾಲಿಗೂ ವ್ಯತ್ಯಾಸ ಇರಬಾರದು. ಇದು ಲ್ಯಾಬ್‌ನ ಕೈಯಲ್ಲಿಲ್ಲ, ತಯಾರಕರ ಪ್ರಾಮಾಣಿಕತೆಯಲ್ಲಿದೆ. ಪ್ರವಾದಿ ಮುಹಮ್ಮದ್ (ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಪ್ರಸಂಗ ಸಹೀಹ್ ಮುಸ್ಲಿಂ ಹದೀಸ್ ಗ್ರಂಥದಲ್ಲಿದೆ, ನಮ್ಮಲ್ಲಿ ಹಲವರು ಮದ್ರಸಾದಲ್ಲಿ ಅದನ್ನು ಕಲಿತಿದ್ದೇವೆ. ರಾಶಿಯ ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ನೆನೆದದ್ದು ಅವನ ತಪ್ಪಲ್ಲ. ಅದನ್ನು ಜನರಿಗೆ ಕಾಣುವಂತೆ ಮೇಲೆ ಇಡದೆ ಅಡಿಗೆ ಹಾಕಿದ್ದೇ ವಂಚನೆಯಾಯಿತು. ಕೈಗವಸನ್ನು ದ್ರವದಲ್ಲಿ 24 ಗಂಟೆ ನೆನೆಸಿ ಸಾರ ತೆಗೆಯುವುದು ಎಂದರೆ ನನ್ನ ದೃಷ್ಟಿಯಲ್ಲಿ ರಾಶಿಯೊಳಗೆ ಕೈ ಹಾಕಿ ನೋಡಿದ ಹಾಗೆಯೇ. ರಬ್ಬರಿಗೆ ರಾಸಾಯನಿಕ ಸೇರಿಸುವುದು ತಪ್ಪಲ್ಲ, ಅದು ಇಲ್ಲದೆ ಕೈಗವಸೇ ಇಲ್ಲ. ಅದು ಎಷ್ಟು ಉಳಿದಿದೆ ಎಂಬುದನ್ನು ಮುಚ್ಚಿಡುವುದು ತಪ್ಪು.

ನೆನಪಿಡಬೇಕಾದ ಅಂಶಗಳು

1. ವೈದ್ಯಕೀಯ ಸಾಧನದ ವಸ್ತುವಿನಿಂದ ಹೊರಬರುವ ಅಂಶ ಜೀವಕೋಶಗಳನ್ನು ಕೊಲ್ಲುತ್ತದೆಯೇ ಎಂದು ನೋಡುವುದೇ ಜೀವಕೋಶ ವಿಷ ಪರೀಕ್ಷೆ. ಇದರ ಮಾನದಂಡ ಐಎಸ್‌ಒ 10993-5.

2. ವಸ್ತುವನ್ನು 37 ಡಿಗ್ರಿ ಶಾಖದಲ್ಲಿ ನೆನೆಸಿ ತೆಗೆದ ಸಾರವನ್ನು ಎಲ್929 ಕೋಶಗಳಿಗೆ ಹಾಕುತ್ತಾರೆ. ಬದುಕಿದ ಕೋಶ ಶೇಕಡಾ 70ಕ್ಕಿಂತ ಕಡಿಮೆಯಾದರೆ ವಿಷ ಸಾಮರ್ಥ್ಯ ಇದೆ ಎಂದು ಅರ್ಥ.

3. ಉತ್ತರ ಗೊತ್ತಿರುವ ಎರಡು ವಸ್ತುಗಳನ್ನು ಜೊತೆಗೇ ಪರೀಕ್ಷಿಸದಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ.

4. ಪಾಸಾದರೆ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು. ಫೇಲಾದರೆ ಕಾರಣ ಹುಡುಕಬೇಕು. ಎರಡೂ ಸಂದರ್ಭದಲ್ಲಿ ಕೆಲಸ ಉಳಿದಿರುತ್ತದೆ.

5. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸುರಕ್ಷತೆ ಗ್ರಾಹಕರ ಹಕ್ಕು. ಮನೆಗೆ ಕೈಗವಸು, ಕ್ಯಾಥೆಟರ್ ಕೊಳ್ಳುವಾಗ ಯಾವ ವಸ್ತುವಿನದ್ದು, ಲೈಸೆನ್ಸ್ ನಂಬರ್, ಲಾಟ್ ನಂಬರ್, ಅವಧಿ ಮುಗಿಯುವ ದಿನಾಂಕ ಓದಿ, ಬಿಲ್ ತೆಗೆದಿಡಿ. ಯಾವುದು ಹಾಕಬೇಕೆಂದು ಡಾಕ್ಟರನ್ನೇ ಕೇಳಿ. ಲ್ಯಾಟೆಕ್ಸ್ ತಾಗಿದರೆ ಮೈ ಕೆರೆಯುವುದು, ಬಾತುಕೊಳ್ಳುವುದು ಇದ್ದರೆ ಚಿಕಿತ್ಸೆಗೆ ಮೊದಲೇ ಅವರಿಗೆ ಹೇಳಿ.

ನಮ್ಮ ಗುಡ್ಡದ ಮರದಿಂದ ಇಳಿದ ಹಾಲು ಎಲ್ಲಿಗೆ ಹೋಗಿ ಯಾರ ದೇಹ ಮುಟ್ಟುತ್ತದೆಯೋ ನಮಗೆ ಗೊತ್ತಿಲ್ಲ. ಟ್ಯಾಪಿಂಗ್ ಮಾಡುವವರಿಂದ ಹಿಡಿದು ತೊಳೆಯುವ ತೊಟ್ಟಿ ನೋಡಿಕೊಳ್ಳುವವರು, ತಟ್ಟೆಗೆ ಕೋಶ ಹಾಕುವವರು, ಲೆಕ್ಕ ಬರೆಯುವವರ ತನಕ ಎಲ್ಲರೂ ತಮ್ಮ ಪಾಲನ್ನು ಸರಿಯಾಗಿ ಮಾಡಿದರೆ ಮಾತ್ರ ಆ ಕೈಗವಸು ನಂಬಿಕೆಗೆ ಅರ್ಹ. ಮುಂದೆ ನಮ್ಮಲ್ಲಿ ಯಾರಾದರೂ ಇಂಥ ಕಂಪೆನಿಯಲ್ಲಿ ಅಕೌಂಟೆಂಟ್ ಆಗಿ ಕೂರಬಹುದು. "ತೊಳೆಯುವ ಖರ್ಚು ಜಾಸ್ತಿ ಆಯಿತು, ಕಡಿಮೆ ಮಾಡೋಣ" ಎಂಬ ಕಡತ ಮೇಜಿಗೆ ಬಂದರೆ, ಸಹಿ ಹಾಕುವ ಮೊದಲು ಲ್ಯಾಬ್ ವರದಿ ತರಿಸಿ ನೋಡಿ.